ನೀರಿನ ಕಿಲೋಮೀಟರು

ಸಾಗರದ ಆರೋಗ್ಯ ಆಫೀಸಿನಲ್ಲಿ ನಾನು ಮೂರನೇ ಕಂಪ್ಯೂಟರು.
'ಎಲ್ಲಿಂದ' ಎಂಬ ಚೌಕ, 'ಎಲ್ಲಿಗೆ' ಎಂಬ ಚೌಕ,
ನಡುವಿನದನ್ನು ಅದೇ ಅಳೆದು ದುಡ್ಡು ಕಟ್ಟುತ್ತದೆ.
ಸುಲೋಚನಾ ಕೆರಿಯಪ್ಪ, ಆಶಾ,
ಹಿನ್ನೀರಿನಾಚೆ ಮೂವತ್ತೊಂದು ಮನೆ.
ಹೊಡೆದೆ. ತಿರುಗಿತು, ತಿರುಗಿತು,
ಕೆಂಪಕ್ಷರದಲ್ಲಿ ಅಂದಿತು: ದಾರಿ ಇಲ್ಲ.

"ಅದು ನಂಗೂ ಗೊತ್ತು ಸಾರ್,
ನಮ್ಮಜ್ಜಿ ಕಾಲದಾಗೆ ಇತ್ತಂತೆ,
ಈಗ ಅದರ ಮೇಲೆ ನೀರು."
ಕಿಟಕಿಯಾಚೆ, ಸುಣ್ಣದ ಗೆರೆಯ ಹಿಂದೆ ನಿಂತೇ ಅಂದಳು.

ರಸೀದಿ?
ಅದೂ ತಂದಿದ್ದಳು.
ಲಾಂಚು ನಿಂತ ದಿನಗಳಲ್ಲಿ ದಾಟಿಸಿದ ದೋಣಿಯ ಇಸ್ಮಾಯಿಲನಿಗೆ
ಬರೆಯಲು ಬಾರದು.
ಊರವರ ಮುಂಗೈಮೇಲೆ 'ಹೊರಗೆ ಬರಬೇಡಿ' ಎಂದು ಒತ್ತಿದ
ಸೀಲಿನ ಶಾಯಿಯಲ್ಲೇ ಅವನ ಹೆಬ್ಬೆಟ್ಟು,
ಇಪ್ಪತ್ತಾರು ಸಲ, ಸಲಕ್ಕೆ ನಲವತ್ತು ರೂಪಾಯಿ.
ಒಂದು ಮಾತ್ರ ನೀರು ತಾಗಿ ಹರಡಿ
ನೇರಳೆಹಣ್ಣು ತುಳಿದ ಹಾಗೆ.
"ಅವತ್ತು ಗಾಳಿ ಇತ್ತು."
ಆ ದಿನ ಹೋಗುವಾಗ ಇಬ್ಬರ ಹೆಸರು.
ಬರುವಾಗ ಒಂದೇ.
ನಾನು ಹಾಳೆ ಮಗುಚಿದೆ.

ಮಂಗನ ಕಾಯಿಲೆಯ ವರ್ಷ
ಉಣುಗು ಹತ್ತದ ಎಣ್ಣೆ ಹಂಚಿದ್ದಕ್ಕೂ ಬಾಕಿ ಇದೆಯಂತೆ.
ಅದು ಬೇರೆ ಟೇಬಲ್ಲು, ಎಂದೆ.
ಬೇರೆ ಟೇಬಲ್ಲಿನವರು ರಜೆಯಲ್ಲಿದ್ದರು.

ಸುಳ್ಳೇಕೆ, ಹೂವು ಎರಚಿದ ದಿನ ನಾನೂ ಎರಚಿದ್ದೆ,
ಇವಳ ತಲೆಯ ಮೇಲೂ ಬಿದ್ದಿರಬೇಕು ಎರಡು ಸೇವಂತಿಗೆ.
ಆ ಹೂವಿನ ಬಿಲ್ಲು ನಾನೇ ಹೊಡೆದದ್ದು.
ಮೂರು ದಿನಕ್ಕೆ ಪಾಸಾಯಿತು.
ಹೂವಿನಂಗಡಿಗೆ ದಾರಿ ಇತ್ತು.

"ಬಸ್ಸಿನ ಲೆಕ್ಕ ಬರೆದುಬಿಡಿ, ನಾನು ಸರಿ ಮಾಡ್ತೀನಿ."
"ಬಸ್ಸು ಎಲ್ಲಿತ್ತು ಸಾರ್ ಆವಾಗ?"
ನಗಲಿಲ್ಲ. ಬೇಜಾರೂ ಮಾಡಿಕೊಳ್ಳಲಿಲ್ಲ.
ಹಾಳೆಗಳನ್ನು ಎತ್ತಿ ಕುಟ್ಟಿ ಅಂಚು ಸಮ ಮಾಡಿದಳು,
ಒಂದು ಗುಂಡುಸೂಜಿ ಕೇಳಿದಳು.

ಕೊಡುವಾಗ ಕೆಮ್ಮು ಬಂತು. ಧೂಳು, ಎಂದೆ.
ಗೆರೆ ದಾಟಿ ಬಂದಳು.
ಕಿಟಕಿಯ ಸರಳಿನೊಳಗಿಂದ ಕೈ ಚಾಚಿ
ನನ್ನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು.
ಅದರ ಬ್ಯಾಟರಿ ಅವಳ ದುಡ್ಡಿನದು,
ಎರಡು ಹಾಳೆ ಹಿಂದೆ ನಾನೇ ಹೊಡೆದುಹಾಕಿದ್ದೆ.
ತೊಂಬತ್ತಾರು.
ಇನ್ನೊಮ್ಮೆ ನೋಡಿದಳು. ತೊಂಬತ್ತಾರು.

"ಹೆಸರು ಹೇಳಿ. ಮನೆಯಲ್ಲಿ ಎಷ್ಟು ಜನ?
ವಯಸ್ಸಾದವರು?"
ಆರು ವರ್ಷದಲ್ಲಿ ಆ ಕಿಟಕಿಯ ಆಚೆಯಿಂದ
ಯಾರೂ ನನ್ನ ಹೆಸರು ಕೇಳಿರಲಿಲ್ಲ.
ಹೇಳಿದೆ. ಅಮ್ಮನದೂ.
ಒದ್ದೆಯಾಗಿ ಒಣಗಿದ ಹಾಳೆಯ ಮೇಲೆ
ಪೆನ್ನು ಅಲ್ಲಲ್ಲಿ ಮೂಡಲಿಲ್ಲ,
ಒತ್ತಿ ಒತ್ತಿ ಬರೆದುಕೊಂಡಳು.