ಮುಖ ಕಾಣುವಷ್ಟು

ಹಡಗಿನ ಹೊಟ್ಟೆಯೊಳಗೆ ನನ್ನ ಕೆಲಸ.
ಗಂಟೆಗೊಮ್ಮೆ ಎಣ್ಣೆಯ ಒತ್ತಡ, ನೀರಿನ ಬಿಸಿ,
ಎಡ ಎಂಜಿನ್ನು, ಬಲ ಎಂಜಿನ್ನು,
ಬರೆದು ಸಹಿ ಹಾಕಬೇಕು. ಬರೆಯದ ಗಂಟೆ
ನಡೆದೇ ಇಲ್ಲವೆಂದು ನಮ್ಮಲ್ಲಿ ಲೆಕ್ಕ.

ಆ ಚಾಳಿ ಸಾರೆಮಾ ದ್ವೀಪದ ಮನೆಗೂ ಬಂತು.
ಬೀರು ಕಾಯಿಸುವ ಕೊಟ್ಟಿಗೆಯ ಮೊಳೆಗೆ
ನೀಲಿ ರಟ್ಟಿನ ಪುಸ್ತಕ ತೂಗುಬಿಟ್ಟೆ,
ದಾರದ ತುದಿಗೆ ಪೆನ್ಸಿಲು.
ಪೆನ್ನಾದರೆ ಹಬೆಗೆ ಅತ್ತುಬಿಡುತ್ತದೆ.

ಒಂದನೆಯದು: ಬಾರ್ಲಿ ಮಾಲ್ಟು ಹನ್ನೆರಡು ಕಿಲೋ. ಹುಳಿ.
ಎರಡನೆಯದು: ಅಷ್ಟೇ. ಹುಳಿ.
ಮೂರನೆಯದು: ಬಾನೆಯನ್ನು ಕುದಿನೀರಲ್ಲಿ ಎರಡು ಸಲ ತೊಳೆದೆ.
ಹುಳಿ ಇಲ್ಲ. ರುಚಿಯೂ ಇಲ್ಲ.
ನಾಲ್ಕನೆಯದರ ಪಕ್ಕ ನೆರೆಮನೆ ಸಾಲ್ಮೆಯ ಕೈಬರಹ:
'ನಮ್ಮ ಹಂದಿ ಕುಡಿಯಿತು. ದೂರೇನಿಲ್ಲ.'

ಆರ್ವೆಡ್ ಮಾವ ಪುಸ್ತಕ ಮುಟ್ಟುವುದಿಲ್ಲ.
ಅವನ ಅಳತೆಯೆಲ್ಲ ಮೈಮೇಲೇ ಇದೆ:
ಮೊಣಕೈ ಮುಳುಗುವಷ್ಟು ನೀರು, ಎರಡು ಹಿಡಿ ಹಾಪ್ಸು,
ಜೂನಿಪರ್ ಕೊಂಬೆ ಒಂದು ತಬ್ಬು.
ನೀರು ಎಷ್ಟು ಬಿಸಿ ಅಂದರೆ
ಮುಖ ಕಾಣುವಷ್ಟು, ಅನ್ನುತ್ತಾನೆ.
ಕುದಿದದ್ದನ್ನು ಬಾನೆಗೆ ಹೊಯ್ದು ಬಗ್ಗಿ ನಿಲ್ಲಬೇಕು,
ಹಬೆ ತೆಳುವಾಗಿ, ಕದಡಿದ್ದು ತಿಳಿಯಾಗಿ
ನಿನ್ನ ಮೂಗು ನಿನಗೇ ಕಾಣುವ ತನಕ.
ಆಗ ಹದ. ಆಗ ಮಾಲ್ಟು.

ಹದಕ್ಕೆ ಡಿಗ್ರಿ ಎಷ್ಟು?
ಅವನು ಆಚೆ ತಿರುಗಿದಾಗ ಥರ್ಮಾಮೀಟರು ಅದ್ದಿದೆ.
ಒಂದು ಶನಿವಾರ ಎಪ್ಪತ್ತೇಳು, ಮತ್ತೊಂದು ಶನಿವಾರ ಎಪ್ಪತ್ತನಾಲ್ಕು.
ಸಿಕ್ಕಿಬಿದ್ದೆ ಮಾವ, ನಿನ್ನ ಮುಖ ಮೂರು ಡಿಗ್ರಿ ತಪ್ಪು!
ಅವನು ಪೈಪಿನ ಬೂದಿ ಕೊಡವಿದ:
'ಆವತ್ತು ಬಾಗಿಲು ತೆರೆದಿತ್ತು. ಗಾಳಿ ಸಮುದ್ರದ್ದು.
ಬರೆದಿದ್ದೀಯಾ ಅದನ್ನ?'

ಬರೆದಿರಲಿಲ್ಲ.
ಪುಟಕ್ಕೆ ಹೊಸ ಕಂಬಸಾಲು ಎಳೆದೆ: ಬಾಗಿಲು. ಗಾಳಿ.
ಆಮೇಲೆ, ನಾಚುತ್ತಲೇ, ಮುಖ.

ಒಂಬತ್ತನೆಯದು ಅವಸರದ್ದು.
ಎರಡು ದಿನ ಮೊದಲೇ ಬಾಟಲಿಗೆ ತುಂಬಿದೆ.
ರಾತ್ರಿ ಮೂರಕ್ಕೆ ನೆಲಮಾಳಿಗೆಯಲ್ಲಿ ಗುಂಡಿನ ಸದ್ದು,
ಬೆಳಿಗ್ಗೆ ಗಾಜು ಗುಡಿಸುತ್ತ ಎಣಿಸಿದೆ, ಹನ್ನೊಂದು.

ಹನ್ನೊಂದನೆಯದರ ಪುಟ ಖಾಲಿ.
ಎರಡು ಪಾಳಿ ಮುಗಿಸಿ ಬಂದು, ಅರೆನಿದ್ದೆಯಲ್ಲಿ,
ಪೆನ್ಸಿಲು ಎಲ್ಲೋ ಬಿದ್ದು, ಕೈ ಹೋದತ್ತ ಹಾಕಿದ್ದು.
ಸಾಲ್ಮೆಯ ಮಗಳ ಮದುವೆಗೆ ಅದೇ ಹೋಯಿತು.
ಊರಿಗೆ ಊರೇ ಮಗ್ಗು ನೆಕ್ಕಿತು.
ಪಾದ್ರಿ ಎರಡು ಸಲ ಕೇಳಿದರಂತೆ, ಇದರಲ್ಲಿ ಏನಿದೆ?
ಇವತ್ತಿಗೂ ಅಂಗಡಿಯಲ್ಲಿ, ದೋಣಿಕಟ್ಟೆಯಲ್ಲಿ ಹಿಡಿದು ನಿಲ್ಲಿಸುತ್ತಾರೆ:
ಮಾಯ್ಮು, ಆವತ್ತಿನದೇ ಮಾಡು.
ನಡೆದೇ ಇಲ್ಲದ ಗಂಟೆಯನ್ನ
ನಾನು ಮತ್ತೆ ಎಲ್ಲಿಂದ ತರಲಿ?

ಹನ್ನೆರಡು: ಹತ್ತಿರ.
ಹದಿಮೂರು: ದೂರ.
ಹದಿನಾಲ್ಕು, ಹದಿನೈದು: ಬೇರೆ ದಾರಿ, ಚೆನ್ನಾಗಿದೆ, ಅದಲ್ಲ.
ಹದಿನಾರು: ಯೀಸ್ಟು ಹಳತು, ನಾನೂ.

ಈಗ ಹದಿನೇಳು ಬಾನೆಯಲ್ಲಿದೆ.
ದಿನಕ್ಕೊಮ್ಮೆ ಹೈಡ್ರೋಮೀಟರು ತೇಲಿಸುತ್ತೇನೆ,
ಸಿಹಿ ಕರಗಿದಂತೆ ಗಾಜು ಮುಳುಗಬೇಕು:
೧೦೬೪. ೧೦೪೧. ೧೦೨೩.
೧೦೨೩.
೧೦೨೩.

ಐದನೆಯ ದಿನ ಆರ್ವೆಡ್ ಮಾವ ಬಂದ,
ಬಾನೆಗೆ ಕಿವಿ ಇಟ್ಟ, ಬಹಳ ಹೊತ್ತು,
ಜ್ವರದ ಮಗುವಿನ ಎದೆಗೆ ಇಡುವ ಹಾಗೆ.
ಚಳಿ ಆಗಿದೆ ಇದಕ್ಕೆ, ಅಂದ.
ತನ್ನ ಕುರಿಉಣ್ಣೆಯ ಕೋಟು ಬಿಚ್ಚಿ
ಸುತ್ತಿ, ತೋಳೆರಡನ್ನೂ ಮುಂದೆ ಗಂಟು ಹಾಕಿ
ಮಾತಿಲ್ಲದೆ ಹೋದ.

ಮರುದಿನ ೧೦೧೯.
ಕಾರಣದ ಕಂಬಸಾಲಲ್ಲಿ ಬರೆದೆ:
ಮಾವನ ಕೋಟು, ಒಂದು.

ಇವತ್ತು ೧೦೧೬. ಒಳಗೆ ಸಣ್ಣಗೆ ಗುಳುಗುಳು.
ಕೋಟು ಇನ್ನೂ ಬಾನೆಯ ಮೈಮೇಲಿದೆ.
ಅಂಗಳದಲ್ಲಿ ಅವನು ಸೌದೆ ಒಡೆಯುತ್ತಿದ್ದಾನೆ, ಬರಿಯ ಅಂಗಿಯಲ್ಲಿ.
ಕಿಟಕಿಯ ಥರ್ಮಾಮೀಟರು ನೋಡಿದೆ:
ಸೊನ್ನೆಯಿಂದ ನಾಲ್ಕು ಕೆಳಗೆ.
ಅದನ್ನೂ ಬರೆದು ಸಹಿ ಹಾಕಿದೆ.