ಅರ್ಕಾವತ್ತು

ಮಂಡಕ್ಕಿ ಭಟ್ಟಿಯ ರಸೀದಿಯಲ್ಲಿ
'ಖರ್ಚು' ಅಂತ ಹೊಡೆದರೆ 'ಖಚುರ್' ಅಂತ ಬರುತ್ತಿತ್ತು.
ಪ್ರೋಗ್ರಾಮು ಬರೆದವರು ನಾವೇ, ಏಳು ಜನ,
ದಾವಣಗೆರೆಯ ಹೊಗೆ ಕುಡಿದ ಅಟ್ಟದ ಮೇಲೆ.

ಮುಬೀನಾ ಅಂದಳು: ಒಂದು ಪ್ರಶ್ನೆಗೆ ಒಂದೇ ಚೀಟಿ,
ಗೋಡೆಗೆ ಅಂಟಿಸೋಣ, ಸರಿಯುತ್ತರಕ್ಕೆ ಹಸಿರು ಗೆರೆ.
ನಾಳೆ ಬಂದವರು
ನಮ್ಮ ನಿದ್ದೆ ಕೆಡಿಸದೆ ಓದಿಕೊಂಡು ಹೋಗಲಿ.

ಹಾಲಸ್ವಾಮಿಗೆ ಮಾತೇ ಬೇಕು.
ಎಲ್ಲರೂ ಕೂರಬೇಕು, ಎಲ್ಲರ ಕಿವಿಗೂ ಬೀಳಬೇಕು,
ಮೆಣಸಿನಕಾಯಿ ಕಚ್ಚುತ್ತ
ಎಲ್ಲಿಂದೆಲ್ಲಿಗೋ ಹೋಗಬೇಕು.

ಕೈಯೆತ್ತಿ ಎಣಿಸಿದೆವು. ಗೋಡೆ ಗೆದ್ದಿತು.
ಮೂರು ತಿಂಗಳು ಎಲ್ಲವೂ ಚೊಕ್ಕ.
'ಇದು ಆಗಲೇ ಕೇಳಿದ್ದು' ಎಂದು
ಹೊಸ ಹುಡುಗನ ಚೀಟಿಯನ್ನು ಹರಿದದ್ದು ನಾನೇ.
ಆಮೇಲೆ ಅವನು ಮೆಟ್ಟಿಲು ಹತ್ತಲಿಲ್ಲ.

ಖರ್ಚಿನ ಚೀಟಿಗೆ ಮಾತ್ರ ಗೆರೆ ಬೀಳಲಿಲ್ಲ,
ಮಸಿ ಬಿತ್ತು.

ಒಂದು ಸಂಜೆ ಕರೆಂಟಿಲ್ಲ.
ಹಾಲಸ್ವಾಮಿ ತನ್ನಕ್ಕನ ಮೊಣಕಾಲು,
ಹರಪನಹಳ್ಳಿಯ ಎಣ್ಣೆ, ಬಸ್ಸಿನ ರಶ್ಶು,
ನಡುವೆ ಉಸಿರು ತಗೊಂಡು:
'ಅಲ್ರೀ, ಅರ್ಕಾವತ್ತು ನಾಲಗೆಗೆ ಮೊದಲು,
ಕಾಗದಕ್ಕೆ ಆಮೇಲೆ.
ಪ್ರಿಂಟರಿಗೆ ಇದನ್ನ ಯಾರಾದ್ರೂ ಹೇಳಿದ್ದೀರಾ?'

ಯಾರೂ ಹೇಳಿರಲಿಲ್ಲ.

ಕರೆಂಟು ಬಂದಮೇಲೆ
ಮುಬೀನಾ ಎರಡೇ ಸಾಲಲ್ಲಿ ಬರೆದು ಹಸಿರು ಗೆರೆ ಎಳೆದಳು.
ಮೊಣಕಾಲಿಗೆ ಚೀಟಿಯಲ್ಲಿ ಜಾಗ ಸಾಲಲಿಲ್ಲ.