ಎರಡು ಕ್ರೆಡಿಟ್

ನಮೂನೆಯ ಏಳನೇ ಕಾಲಮ್ಮು:
'ಈ ಕೋರ್ಸಿನ ಕೊನೆಗೆ ವಿದ್ಯಾರ್ಥಿ ಏನನ್ನು ಸಾಧಿಸುತ್ತಾನೆ?'
ಚುಂಗ್ ಮೇಷ್ಟ್ರು ಕನ್ನಡಕ ಏರಿಸಿ ಓದಿದರು,
ಇಳಿಸಿ ಓದಿದರು,
'ಊದುತ್ತಾನೆ, ಅಂತ ಬರಿಯಮ್ಮ' ಅಂದರು.
ನಾನು ವಿಭಾಗದ ಗುಮಾಸ್ತೆ.
ಅಷ್ಟಕ್ಕೆಲ್ಲ ಕಂಪ್ಯೂಟರು ಒಪ್ಪುವುದಿಲ್ಲ,
ನೂರು ಅಕ್ಷರವಾದರೂ ಬೇಕಂತೆ ಅದಕ್ಕೆ.

ಮಿಯಾವ್‌ಲಿಯ ಗುಡ್ಡ ಹತ್ತಿ ಅವರು ಬರುವುದು ಸ್ಕೂಟರಿನಲ್ಲಿ,
ಕಾಲ ಸಂದಿಯಲ್ಲಿ ಸುವೋನಾ,
ಅದರ ಹಿತ್ತಾಳೆ ಬಾಯಿಗೆ ಮೊಮ್ಮಗನ ಉಣ್ಣೆ ಟೋಪಿ.
ಡಿಗ್ರಿ ಇಲ್ಲ.
ಐವತ್ತೆರಡು ವರ್ಷ ಹಕ್ಕಾ ಮಂದಿಯ
ಮದುವೆಗೂ ಮಣ್ಣಿಗೂ ಊದಿದವರು;
ಸರ್ಟಿಫಿಕೇಟು ಕೊಡಬೇಕಾದವರು
ಅರ್ಧ ಜನ ಆ ಮಣ್ಣಿನಲ್ಲೇ ಇದ್ದಾರೆ.

ಮೊದಲ ಪಾಠಕ್ಕೆ ವಾದ್ಯವಿಲ್ಲ.
ಒಂದು ಲೋಟ ನೀರು, ಒಂದು ಸ್ಟ್ರಾ.
'ಗುಳ್ಳೆ ನಿಲ್ಲಬಾರದು.
ಕೆನ್ನೆಯಲ್ಲಿ ಒಂದಿಷ್ಟು ಗಾಳಿ ಗಂಟಿಟ್ಟುಕೊ,
ಅದನ್ನು ಖರ್ಚು ಮಾಡುತ್ತಲೇ ಮೂಗಿನಿಂದ ಹೊಸದು ತಾ.
ಬಡವರ ಮನೆ ನಡೆಯುವುದೇ ಹೀಗೆ.'
ಹನ್ನೊಂದು ಲೋಟಗಳ ಗುಳುಗುಳು
ಕಾರಿಡಾರು ದಾಟಿ ನನ್ನ ಮೇಜಿನ ತನಕ.
ಪಕ್ಕದ ಕೋಣೆಯ ಪಿಯಾನೊ ತುಸು ತಡೆದು,
ಮತ್ತೆ ಮುಂದುವರಿಯಿತು.

ಆರನೇ ವಾರ ಜಗಳ.
ಪೆಂಗ್ ಯೂ-ಹಾನ್, ನೀಲಿ ಕೂದಲಿನವಳು,
ಅವರ 'ಫಾನ್' ಸ್ವರಕ್ಕೆ ಫೋನಿನ ಶ್ರುತಿಮಾಪಕ ಹಿಡಿದಳು:
ಎರಡು ಗೆರೆಗಳ ನಡುವೆ ಮುಳ್ಳು ಕೆಂಪಗೆ ನಡುಗಿತು.
'ಇದು ಇತ್ತಲೂ ಅಲ್ಲ ಸರ್, ಅತ್ತಲೂ ಅಲ್ಲ.'
ಮೇಷ್ಟ್ರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು,
'ಪಾಪ, ಇದು ಒಂದು ಮದುವೆಗೂ ಹೋಗಿಲ್ಲ.'

ಸಾವಿನ ರಾಗ ಮಾತ್ರ ಸೂರಿನಡಿ ಕಲಿಸಲಿಲ್ಲ.
ಕಾರಣವಿಲ್ಲದೆ ಊದಿದರೆ
ಯಾರೋ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾರಂತೆ.
ಪಾರ್ಕಿಂಗಿನ ಹಿಂದೆ, ಕಸದ ಡಬ್ಬಿಗಳ ಎದುರು,
ಕ್ಷಮೆ ಕೇಳಿಕೊಂಡೇ ಎರಡು ಸಾಲು.
ರೆಕಾರ್ಡು ಮಾಡಲು ಬಿಡಲಿಲ್ಲ.

ಪರೀಕ್ಷೆಯ ದಿನ ಯೂ-ಹಾನ್ ಬರಲಿಲ್ಲ.
ಗೈರು ಅಂತ ಗುರುತು ಹಾಕಿದ್ದೆ.
ಸೋಮವಾರ ಬಂದಳು, ತೋಳಿಗೆ ಗೋಣಿಯ ತುಂಡು:
ತಾತನ ತಮ್ಮ ತೀರಿಕೊಂಡಿದ್ದರು,
ಬಾಡಿಗೆಗೆ ಬಂದದ್ದು ಬರಿ ಧ್ವನಿವರ್ಧಕ,
ಯಾರೋ ಅದರ ವೈರು ಕಿತ್ತರು,
ಅವಳೇ ಊದಿದಳು.

'ಉಸಿರು ಕಡಿಯಿತಾ?' ಮೇಷ್ಟ್ರು ಕೇಳಿದ್ದು ಅದೊಂದೇ.
'ಒಮ್ಮೆ. ಅಜ್ಜಿ ಹೆಸರು ಹಿಡಿದು ಕೂಗಿದಾಗ.'
'ಹೂಂ. ಅಲ್ಲಿ ನನಗೂ ಕಡಿಯುತ್ತದೆ,' ಅಂದರು,
ಹಾಜರಿ ಪುಸ್ತಕ ನನ್ನ ಕಡೆಗೆ ತಳ್ಳಿ
ಸ್ಕೂಟರಿನ ಕೀಲಿ ಹುಡುಕತೊಡಗಿದರು.